ಡ್ರೆಯರ್ ಖಾಲಿ ಮಾಡಿದ ಅಡುಗೆಮನೆ

ಹಿಂದಿನ ಸಂಚಿಕೆಯಲ್ಲಿ ಡೆನ್ಮಾರ್ಕಿನ 'ಓರ್ಡೆಟ್' ಚಿತ್ರದ ಬಗ್ಗೆ ಎರಡೇ ಪ್ಯಾರಾ ಬರೆದಿದ್ದೆ. ಕಾರ್ಲ್ ಥಿಯೊಡೋರ್ ಡ್ರೆಯರ್ 1955ರಲ್ಲಿ ಮಾಡಿದ ಚಿತ್ರ ಅದು. ಸಿಕ್ಕರೆ ಬಿಡದೆ ನೋಡಿ ಅಂದಿದ್ದೆ. ಎಷ್ಟೋ ಜನ ಹುಡುಕಿ ನೋಡಿದ್ದೀರಿ, ಬರೆದಿದ್ದೀರಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಡೆನ್ಮಾರ್ಕಿಗೇ.

ಪ್ರಶ್ನೆ: ಡೆನ್ಮಾರ್ಕಿನಲ್ಲಿ ಬೊಡಿಲ್ ಅಂತ ಒಂದು ಸಿನಿಮಾ ಪ್ರಶಸ್ತಿ, ರಾಬರ್ಟ್ ಅಂತ ಇನ್ನೊಂದು. ಯಾರು ಇವರಿಬ್ಬರು? ನಮ್ಮ ಸ್ವರ್ಣಕಮಲಕ್ಕೆ ಸಮನಾದದ್ದು ಯಾವುದು?
— ಓದುಗರು, ತುಮಕೂರು

ಸ್ವರ್ಣಕಮಲ ಕೊಡುವುದು ಸರ್ಕಾರ. ಈ ಎರಡನ್ನೂ ಸರ್ಕಾರ ಕೊಡುವುದಿಲ್ಲ, ಆದ್ದರಿಂದ ಸಮ ಅನ್ನುವಂಥದ್ದು ಇಲ್ಲ. ಬೊಡಿಲ್ ಕೊಡುವವರು ಚಿತ್ರ ವಿಮರ್ಶಕರು. ರಾಬರ್ಟ್ ಕೊಡುವುದು ಡೇನಿಶ್ ಫಿಲ್ಮ್ ಅಕಾಡೆಮಿ, ಅಂದರೆ ಸಿನಿಮಾ ಮಾಡುವವರೇ. ಮದುವೆ ಮನೆಯಲ್ಲಿ ಉಂಡೆದ್ದವರು ಹೇಳುವ ಮಾತು ಬೊಡಿಲ್, ಅಡುಗೆಭಟ್ಟರು ತಮ್ಮೊಳಗೆ ಒಪ್ಪಿಕೊಳ್ಳುವ ಮಾತು ರಾಬರ್ಟ್ ಅಂತಿಟ್ಟುಕೊಳ್ಳಿ.

ರಾಬರ್ಟ್ ಶುರುವಾದದ್ದು 1984ರಲ್ಲಿ. ಪ್ರಶಸ್ತಿಯ ಪ್ರತಿಮೆ ಮಾಡಿಕೊಟ್ಟ ಶಿಲ್ಪಿ ರಾಬರ್ಟ್ ಯಾಕೊಬ್‌ಸೆನ್ ಅವರ ಹೆಸರೇ ಅದಕ್ಕೆ. ಕಬ್ಬಿಣದಲ್ಲಿ ಕೆಲಸ ಮಾಡಿ ಹೆಸರಾದವರು ಅವರು.

ಬೊಡಿಲ್ ಇನ್ನೂ ಹಳೆಯದು, 1948ರದ್ದು. ನನಗೆ ಹತ್ತಿರವಾದದ್ದೂ ಅದೇ. ಅದರ ಹೆಸರಿನಲ್ಲಿ ಇಬ್ಬರು ನಟಿಯರಿದ್ದಾರೆ: ಬೊಡಿಲ್ ಇಪ್ಸೆನ್, ಬೊಡಿಲ್ ಕ್ಯೆರ್. ಒಂದು ದೇಶದ ವಿಮರ್ಶಕರು ಕೂತು, ತಮ್ಮ ಪ್ರಶಸ್ತಿಗೆ ದೊರೆಯ ಹೆಸರು ಬೇಡ, ಮಂತ್ರಿಯ ಹೆಸರು ಬೇಡ, ನಮ್ಮ ಇಬ್ಬರು ಹೆಣ್ಣುಮಕ್ಕಳ ಹೆಸರಿರಲಿ ಅಂದುಕೊಂಡದ್ದು ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ. ಆಗ ಇಬ್ಬರೂ ಬದುಕಿದ್ದರು, ದುಡಿಯುತ್ತಲೂ ಇದ್ದರು. ಆ ಮೊದಲ ವರ್ಷ ಶ್ರೇಷ್ಠ ನಟಿಯ ಬೊಡಿಲ್ ಬಂದದ್ದು ಬೊಡಿಲ್ ಕ್ಯೆರ್ ಅವರಿಗೇ, 'ಸೈನಿಕ ಮತ್ತು ಯೆನ್ನಿ' ಎಂಬ ಚಿತ್ರಕ್ಕೆ.

ಬೊಡಿಲ್ ಇಪ್ಸೆನ್ ಬರೀ ನಟಿಯಲ್ಲ, ನಿರ್ದೇಶಕಿ ಕೂಡ. ಜರ್ಮನರು ಡೆನ್ಮಾರ್ಕನ್ನು ಹಿಡಿದಿಟ್ಟುಕೊಂಡಿದ್ದ ದಿನಗಳ ಗುಪ್ತ ಹೋರಾಟದ ಮೇಲೆ ಲಾವ್ ಲಾರಿಟ್ಸೆನ್ ಜೊತೆ ಸೇರಿ 'ಕೆಂಪು ಹುಲ್ಲುಗಾವಲು' ಎಂಬ ಚಿತ್ರ ನಿರ್ದೇಶಿಸಿದರು. ದೇಶ ಬಿಡುಗಡೆಯಾದ 1945ರಲ್ಲೇ ಅದು ತೆರೆಗೆ ಬಂತು. 1946ರ ಕಾನ್ ಉತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿಯನ್ನು ಒಂದೇ ಚಿತ್ರಕ್ಕೆ ಕೊಡಲಿಲ್ಲ, ಹನ್ನೊಂದು ಚಿತ್ರಗಳಿಗೆ ಹಂಚಿದರು. ಇಪ್ಸೆನ್ ಅವರ ಚಿತ್ರ ಅದರಲ್ಲಿ ಒಂದು. ಇನ್ನೊಂದು ಯಾವುದು ಗೊತ್ತೆ? ನಮ್ಮ ಚೇತನ್ ಆನಂದ್ ಅವರ 'ನೀಚಾ ನಗರ್'.

ಪ್ರಶ್ನೆ: ನೀವು ಹೇಳಿದಿರೆಂದು 'ಓರ್ಡೆಟ್' ನೋಡಿದೆ ಮೇಡಂ. ಸತ್ತ ಹೆಂಗಸು ಶವಪೆಟ್ಟಿಗೆಯಲ್ಲಿ ಎದ್ದು ಕೂರುತ್ತಾಳೆ. ನಾನು ಪವಾಡಗಳನ್ನು ನಂಬುವವನಲ್ಲ. ಆದರೂ ಅಳು ತಡೆಯಲಾಗಲಿಲ್ಲ. ಯಾಕೆ ಹೀಗೆ?
— ಓದುಗರು, ಶಿರಸಿ

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ನೋಡದೆ ಇರುವವರಿಗಾಗಿ ಕಥೆ ಮೊದಲು ಹೇಳಿಬಿಡುತ್ತೇನೆ.

ಪಶ್ಚಿಮ ಜಟ್‌ಲೆಂಡಿನ ಒಂದು ಒಕ್ಕಲುಮನೆ. ಯಜಮಾನ ಮುದುಕ ಮಾರ್ಟನ್ ಬೋರ್ಗೆನ್, ಮೂವರು ಗಂಡುಮಕ್ಕಳು. ಹಿರಿಯ ಮಿಕೆಲ್‌ಗೆ ದೇವರ ಮೇಲೆ ನಂಬಿಕೆಯಿಲ್ಲ. ನಡುವಿನವನು ಯೊಹಾನೆಸ್ ಓದಿ ಓದಿ ತಲೆ ಕೆಟ್ಟು ತಾನೇ ಯೇಸು ಅಂದುಕೊಂಡು ದಿಬ್ಬದ ಮೇಲೆ ನಿಂತು ಮಾತಾಡುತ್ತಾನೆ. ಕಿರಿಯ ಆಂಡರ್ಸ್‌ಗೆ ಬೇರೆ ಪಂಥದ ದರ್ಜಿಯ ಮಗಳ ಮೇಲೆ ಮನಸ್ಸು. ಇವರೆಲ್ಲರನ್ನೂ ಹಿಡಿದಿಟ್ಟಿರುವವಳು ಮಿಕೆಲ್‌ನ ಹೆಂಡತಿ ಇಂಗರ್, ತುಂಬು ಗರ್ಭಿಣಿ. ಮಾವನಿಗೆ ಕಾಫಿ ಬಗ್ಗಿಸಿಕೊಟ್ಟು, ಮೈದುನನ ಮದುವೆಗೆ ಒಪ್ಪಿಸಲು ಮೆಲ್ಲಗೆ ನೋಡುತ್ತಾಳೆ. ಹೆರಿಗೆಯಲ್ಲಿ ಮಗು ಹೋಗುತ್ತದೆ, ಆಮೇಲೆ ಅವಳೂ ಹೋಗುತ್ತಾಳೆ. ಗೋಡೆಯ ಗಡಿಯಾರ ನಿಲ್ಲಿಸುತ್ತಾರೆ. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಹಾಗೆ. ಕೊನೆಗೆ ಇಂಗರ್‌ಳ ಪುಟ್ಟ ಮಗಳು ಬಂದು ಯೊಹಾನೆಸ್‌ನ ಕೈ ಹಿಡಿದು, ಅಮ್ಮನನ್ನು ಬೇಗ ಎಬ್ಬಿಸು ಅನ್ನುತ್ತಾಳೆ.

ಈಗ ನಿಮ್ಮ ಪ್ರಶ್ನೆ. ಪವಾಡ ಕಣ್ಣಿಗೆ ಬೀಳುವ ಮೊದಲು ಎರಡು ಗಂಟೆ ಕಾಲ ಡ್ರೆಯರ್ ನಿಮ್ಮನ್ನು ಆ ಮನೆಯೊಳಗೆ ಕೂರಿಸಿದ್ದಾರೆ. 126 ನಿಮಿಷದ ಚಿತ್ರಕ್ಕೆ ಸುಮಾರು 114 ಶಾಟ್ ಅಷ್ಟೇ, ಅಂದರೆ ನಡುವೆ ಕತ್ತರಿಸದೆ ತೆಗೆದ ಉದ್ದುದ್ದ ತುಣುಕುಗಳು. ಕ್ಯಾಮೆರಾ ನಿಧಾನಕ್ಕೆ ಆ ಕೋಣೆಯಿಂದ ಈ ಕೋಣೆಗೆ, ಮನೆಯವರೇ ಯಾರೋ ಓಡಾಡಿದ ಹಾಗೆ ಓಡಾಡುತ್ತದೆ. ನಮಗೆ ಆ ಬಾಗಿಲು, ಆ ಬೆಂಚು ಎಲ್ಲ ಪರಿಚಯವಾಗಿಬಿಡುತ್ತವೆ.

ಅಡುಗೆಮನೆಯ ವಿಷಯವನ್ನು ಛಾಯಾಗ್ರಾಹಕ ಹೆನಿಂಗ್ ಬೆಂಟ್ಸೆನ್ ಹೇಳಿದ್ದಾರೆ. ಹಳ್ಳಿಯ ಅಡುಗೆಮನೆಯಲ್ಲಿ ಇರಬೇಕಾದ ಪಾತ್ರೆ ಪರಡಿ ಎಲ್ಲವನ್ನೂ ಡ್ರೆಯರ್ ಮೊದಲು ಸೆಟ್ಟಿಗೆ ತರಿಸಿದರಂತೆ. ಒಂದೂ ಬಿಟ್ಟಿಲ್ಲ. ಆಮೇಲೆ ಒಂದೊಂದಾಗಿ ತೆಗೆಸುತ್ತ ಹೋದರಂತೆ. ಕೊನೆಗೆ ಉಳಿದದ್ದು ಹತ್ತು ಹದಿನೈದು ಸಾಮಾನು. ಮೊದಲೇ ಹತ್ತು ಸಾಮಾನು ಇಟ್ಟಿದ್ದರೆ ಅದು ಬಡ ಸೆಟ್ ಆಗುತ್ತಿತ್ತು. ತುಂಬಿ, ಆಮೇಲೆ ಖಾಲಿ ಮಾಡಿದ್ದರಿಂದ ಉಳಿದ ಒಂದೊಂದಕ್ಕೂ ಆ ಮನೆಯ ಕೈ ತಾಗಿದ ಹಾಗಿದೆ. ಇದನ್ನು ಓದಿದ ದಿನ ನಾನು ನಮ್ಮ ಅಡುಗೆಮನೆಯಲ್ಲಿ ನಿಂತು, ಏನು ತೆಗೆದರೂ ಇದು ನಮ್ಮದೇ ಅಡುಗೆಮನೆಯಾಗಿ ಉಳಿಯುತ್ತದೆ ಅಂತ ನೋಡುತ್ತ ನಿಂತಿದ್ದೆ. ಕೊನೆಗೆ ಅಮ್ಮನ ಕಾಲದ ಕಾಫಿ ಫಿಲ್ಟರ್, ಹಿಡಿ ಸಡಿಲವಾದ ಇಕ್ಕಳ, ಮಣೆ ಇಷ್ಟು ಉಳಿದವು.

ಇನ್ನೊಂದು. ಇಂಗರ್ ಪಾತ್ರ ಮಾಡಿದ ಬಿರ್ಗಿಟ್ಟೆ ಫೆಡರ್‌ಸ್ಪೀಲ್ ಆಗ ನಿಜಕ್ಕೂ ಗರ್ಭಿಣಿ. ಆಕೆಯ ಹೆರಿಗೆಯ ನೋವಿನ ದನಿಯನ್ನು ರೆಕಾರ್ಡ್ ಮಾಡಿ ಚಿತ್ರದಲ್ಲಿ ಬಳಸಿದರು. ನೀವು ಕೇಳಿದ ನರಳಾಟ ನಟನೆಯದಲ್ಲ.

ಡ್ರೆಯರ್ ಸ್ವತಃ ತಾಯಿಯನ್ನು ಕಂಡವರಲ್ಲ. ಸ್ವೀಡನ್ನಿನಿಂದ ಬಂದು ಮನೆಗೆಲಸಕ್ಕಿದ್ದ ಅವಿವಾಹಿತೆಯ ಮಗ, 1889ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹುಟ್ಟಿದವರು. ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ದತ್ತು ತೆಗೆದುಕೊಂಡು ತಮ್ಮದೇ ಹೆಸರಿಟ್ಟರು. ಹೆತ್ತ ತಾಯಿ ಎರಡನೇ ಗರ್ಭ ತೆಗೆದುಕೊಳ್ಳಲು ಹೋಗಿ ಜೀವ ಕಳೆದುಕೊಂಡರು. ಮಗನಿಗೆ ಆಗ ಎರಡು ವರ್ಷವೂ ಸರಿಯಾಗಿ ತುಂಬಿರಲಿಲ್ಲ, ವಿಷಯ ತಿಳಿದದ್ದು ದೊಡ್ಡವರಾದ ಮೇಲೆ. ಚಿತ್ರಕ್ಕೆ ಆಧಾರವಾದ ನಾಟಕ ಬೇರೆಯವರದು, ಕಾಯ್ ಮುಂಕ್ ಎಂಬ ಪಾದ್ರಿ ಬರೆದದ್ದು ನಿಜ (1944ರಲ್ಲಿ ನಾಜಿಗಳು ಆತನನ್ನು ಕೊಂದರು, ಹೊರಾಂಗಣ ಚಿತ್ರೀಕರಣ ನಡೆದದ್ದೂ ಆತ ಪಾದ್ರಿಯಾಗಿದ್ದ ವೆಡರ್ಸೊ ಊರಿನಲ್ಲೇ). ಆದರೆ ಬಸಿರಲ್ಲಿ ಸತ್ತ ತಾಯಿಯ ಮುಂದೆ ಒಂದು ಮಗು ನಿಂತು 'ಎಬ್ಬಿಸು' ಅನ್ನುವ ದೃಶ್ಯವನ್ನು ಈ ಮಗ ತೆಗೆದದ್ದು ಅಂತ ನೆನೆದರೆ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಮತ್ತೊಮ್ಮೆ ನೋಡಿದಾಗ ಅವಳ ಕೈಗಳನ್ನು ನೋಡಿ. ಕಣ್ಣಿಗಿಂತ ಮೊದಲು ಜೋಡಿಸಿಟ್ಟ ಬೆರಳು ಬಿಡಿಸಿಕೊಳ್ಳುತ್ತವೆ. ದೇವಲೋಕದಿಂದ ಬಂದವಳ ಹಾಗೆ ಅವಳು ಏನೂ ಹೇಳುವುದಿಲ್ಲ. ಗಂಡನ ಕೆನ್ನೆಗೆ ಬಾಯಿ ಒತ್ತಿ, ಹಸಿದವಳ ಹಾಗೆ ಅಂಟಿಕೊಳ್ಳುತ್ತಾಳೆ. ಸ್ವಲ್ಪ ಮೊದಲು ಅವನು, ಆತ್ಮ ಅಲ್ಲಿರಬಹುದು, ನಾನು ಅವಳ ದೇಹವನ್ನೂ ಪ್ರೀತಿಸಿದ್ದೆನಲ್ಲ ಅಂತ ಅತ್ತಿದ್ದ. ನಂಬದ ನಿಮ್ಮನ್ನೂ ಅಳಿಸಿದ್ದು ಆ ಮೈಯ ಬಿಸಿ. ಅದನ್ನು ನಂಬಲು ಯಾವ ಧರ್ಮವೂ ಬೇಕಿಲ್ಲ. ಅಷ್ಟರಲ್ಲಿ ಆಂಡರ್ಸ್ ಹೋಗಿ ಗಡಿಯಾರವನ್ನು ಮತ್ತೆ ನಡೆಸುತ್ತಾನೆ.

ಪ್ರಶ್ನೆ: ನಾವು ಐದು ಜನ ಕಾಲೇಜು ಹುಡುಗರು ಮೊಬೈಲಿನಲ್ಲಿ ಕಿರುಚಿತ್ರ ಮಾಡುತ್ತಿದ್ದೇವೆ. ಡೆನ್ಮಾರ್ಕಿನ 'ಡಾಗ್ಮೆ' ನಿಯಮಗಳು ನಮ್ಮಂಥ ದುಡ್ಡಿಲ್ಲದವರಿಗೆ ಅಂತ ಯಾರೋ ಹೇಳಿದರು. ನಿಜವೇ?
— ಓದುಗರು, ಪುತ್ತೂರು

ದುಡ್ಡಿಲ್ಲದವರಿಗೆ ಅಂತ ಮಾಡಿದ್ದಲ್ಲ. ಅಭ್ಯಾಸದಿಂದ ಕೈ ಸೋಮಾರಿಯಾದವರಿಗೆ ಅಂತ ಮಾಡಿದ್ದು. 1995ರ ಮಾರ್ಚಿನಲ್ಲಿ, ಸಿನಿಮಾಕ್ಕೆ ನೂರು ವರ್ಷವಾದ ನೆಪದಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಸಭೆಯೊಂದರಲ್ಲಿ ಡೆನ್ಮಾರ್ಕಿನ ನಿರ್ದೇಶಕ ಲಾರ್ಸ್ ವಾನ್ ಟ್ರಿಯರ್ ಎದ್ದು ನಿಂತು ಕೆಂಪು ಕರಪತ್ರಗಳನ್ನು ಎರಚಿದರು. ಅವರೂ ಇನ್ನೊಬ್ಬ ನಿರ್ದೇಶಕ ಥಾಮಸ್ ವಿಂಟರ್‌ಬೆರ್ಗ್ ಅವರೂ ಕೂಡಿ ಬರೆದ ಹತ್ತು ನಿಯಮ ಅದರಲ್ಲಿತ್ತು. ಸೆಟ್ ಹಾಕಬಾರದು, ಜಾಗದಲ್ಲೇ ಚಿತ್ರೀಕರಣ. ಕ್ಯಾಮೆರಾ ಕೈಯಲ್ಲೇ ಇರಬೇಕು. ಹೊರಗಿನ ಲೈಟು ತರುವಂತಿಲ್ಲ. ಆ ಜಾಗದಲ್ಲಿ ನುಡಿಯದ ಸಂಗೀತವನ್ನು ಆಮೇಲೆ ಸೇರಿಸುವಂತಿಲ್ಲ. ಕೊಲೆ, ಆಯುಧ ಬೇಡ. ನಿರ್ದೇಶಕನ ಹೆಸರೂ ಬೇಡ.

ಮೊದಲ ಡಾಗ್ಮೆ ಚಿತ್ರ ವಿಂಟರ್‌ಬೆರ್ಗ್ ಅವರ 'ಫೆಸ್ಟನ್', 1998ರದ್ದು. ಅಪ್ಪನ ಅರುವತ್ತನೇ ಹುಟ್ಟುಹಬ್ಬಕ್ಕೆ ಮನೆಮಂದಿ ಎಲ್ಲ ಸೇರಿರುವಾಗ ಹಿರಿಮಗ ಎದ್ದು ನಿಂತು, ಚಿಕ್ಕವರಿದ್ದಾಗ ಅಪ್ಪ ತಮಗೆ ಏನು ಮಾಡಿದ ಅಂತ ಎಲ್ಲರ ಮುಂದೆ ಹೇಳುತ್ತಾನೆ. ಚಿತ್ರ ತೆಗೆದದ್ದು ಮನೆಮಂದಿ ಮದುವೆ ಮುಂಜಿಗೆ ಬಳಸುವಂಥ ಪುಟ್ಟ ಸೋನಿ ವಿಡಿಯೊ ಕ್ಯಾಮೆರಾದಲ್ಲಿ. ಹಿಡಿದಿದ್ದವರು ಆಂಟನಿ ಡಾಡ್ ಮ್ಯಾಂಟಲ್. ಅವರೇ ಮುಂದೆ ಮುಂಬೈ ಗಲ್ಲಿಗಳಲ್ಲಿ 'ಸ್ಲಂಡಾಗ್ ಮಿಲಿಯನೇರ್' ಚಿತ್ರೀಕರಿಸಿ ಆಸ್ಕರ್ ಪಡೆದರು.

ಚಿತ್ರ ಮುಗಿದ ಮೇಲೆ ವಿಂಟರ್‌ಬೆರ್ಗ್ ತಪ್ಪೊಪ್ಪಿಗೆ ಬರೆದರು. ಒಂದು ದೃಶ್ಯದಲ್ಲಿ ಕಿಟಕಿ ಮುಚ್ಚಿಸಿದ್ದೆ, ಅದು ನಿಯಮಭಂಗ ಅಂತ. ಒಂದು ಕಿಟಕಿಯ ಬೆಳಕನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳುವುದನ್ನು ಅವರಿಂದ ಕಲಿಯಿರಿ. ಹತ್ತೂ ನಿಯಮ ಬೇಡ, ನಿಮಗೆ ಒಂದೇ ಸಾಕು: ಹಿನ್ನೆಲೆ ಸಂಗೀತ ಹಾಕಬೇಡಿ. ಪುತ್ತೂರಿನ ಮಳೆ, ಪಕ್ಕದ ಮನೆಯ ಮಿಕ್ಸರ್, ಬಸ್ಸಿನ ಹಾರ್ನು, ಇಷ್ಟರಲ್ಲೇ ದೃಶ್ಯ ನಿಲ್ಲಬೇಕು. ನಿಲ್ಲದಿದ್ದರೆ ಚಿತ್ರಕಥೆಗೆ ವಾಪಸ್ ಹೋಗಿ. ಮುಗಿದ ಮೇಲೆ ನನಗೆ ಕಳಿಸಿ, ಖಂಡಿತ ನೋಡುತ್ತೇನೆ.

ಪ್ರಶ್ನೆ: ಅಷ್ಟು ಚಿಕ್ಕ ದೇಶ ಇಷ್ಟು ಪ್ರಶಸ್ತಿ ಹೊಡೆಯುವುದು ಹೇಗೆ?
— ಓದುಗರು, ಬಳ್ಳಾರಿ

ಜನಸಂಖ್ಯೆ ಸುಮಾರು 60 ಲಕ್ಷ, ನಮ್ಮ ರಾಜ್ಯದ ಹತ್ತನೇ ಒಂದು ಪಾಲು. 1972ರ ಕಾಯ್ದೆಯಿಂದ ಬಂದ ಡೇನಿಶ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಸಿನಿಮಾಗಳಿಗೆ ಹಣ ಕೊಡುತ್ತದೆ. ಮುಗಿದ ಚಿತ್ರಕ್ಕೆ ಬಹುಮಾನದ ಹಾಗಲ್ಲ, ಚಿತ್ರಕಥೆಯ ಹಂತದಿಂದಲೇ. ಯಾವುದಕ್ಕೆ ಕೊಡಬೇಕೆಂದು ತೂಗಿ ನೋಡಲು ಸಿನಿಮಾ ಬಲ್ಲ ಸಲಹೆಗಾರರನ್ನು ಕೆಲವೇ ವರ್ಷದ ಅವಧಿಗೆ ನೇಮಿಸುತ್ತಾರೆ. ನೆರವಿನ ನಾಲ್ಕನೇ ಒಂದು ಪಾಲು ಮಕ್ಕಳ ಮತ್ತು ಎಳೆಯರ ಚಿತ್ರಗಳಿಗೆ ಮೀಸಲು. ಮಕ್ಕಳ ಚಿತ್ರ ನೋಡಿ ಬೆಳೆದವರು ದೊಡ್ಡವರಾಗಿ ಒಳ್ಳೆಯ ಪ್ರೇಕ್ಷಕರಾಗುತ್ತಾರೆ. ನಮ್ಮಲ್ಲಿ ಇದೊಂದನ್ನಾದರೂ ಮಾಡಲೇಬೇಕು ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದೇನೆ.

ಪ್ರಶ್ನೆ: ಆಸ್ಕರ್ ಬಂದ 'ಡ್ರುಕ್' ಚಿತ್ರ ಕುಡಿತವನ್ನು ಹೊಗಳುತ್ತದೆ ಅನ್ನಿಸಿತು. ಮೇಷ್ಟ್ರುಗಳು ಕುಡಿದು ಪಾಠ ಮಾಡುವುದೇ?
— ಓದುಗರು, ಹಾಸನ

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ನಾಲ್ವರು ಮೇಷ್ಟ್ರುಗಳಲ್ಲಿ ಒಬ್ಬರ ಜೀವ ಹೋಗುವುದನ್ನೂ ಚಿತ್ರ ಮುಚ್ಚಿಡುವುದಿಲ್ಲ. ಇದೂ ವಿಂಟರ್‌ಬೆರ್ಗ್ ಅವರದೇ. ಚಿತ್ರೀಕರಣ ಶುರುವಾಗಿ ನಾಲ್ಕು ದಿನಕ್ಕೆ, 2019ರ ಮೇ ತಿಂಗಳಲ್ಲಿ, ಹತ್ತೊಂಬತ್ತು ವರ್ಷದ ಮಗಳು ಇಡಾ ರಸ್ತೆ ಅಪಘಾತದಲ್ಲಿ ತೀರಿಕೊಂಡಳು. ಅವಳೂ ಇದರಲ್ಲಿ ನಟಿಸಬೇಕಿತ್ತು. ತಂದೆ ಚಿತ್ರ ಮುಗಿಸಿದರು, ಮಗಳ ಶಾಲೆಯ ತರಗತಿಗಳಲ್ಲಿ, ಅವಳ ಜೊತೆ ಓದಿದ ಮಕ್ಕಳನ್ನೇ ಕೂರಿಸಿ. 2021ರ ಆಸ್ಕರ್ ವೇದಿಕೆಯಲ್ಲೂ ಅವಳ ಬಗ್ಗೆಯೇ ಮಾತಾಡಿದರು. ಕೊನೆಯಲ್ಲಿ ಮ್ಯಾಡ್ಸ್ ಮಿಕೆಲ್ಸನ್ ಬಂದರಿನ ದಂಡೆಯಲ್ಲಿ ಕುಣಿಯುತ್ತಾರಲ್ಲ, ಅದನ್ನು ಇದು ಗೊತ್ತಿದ್ದು ಇನ್ನೊಮ್ಮೆ ನೋಡಿ.

ಪ್ರಶ್ನೆ: ಡ್ರೆಯರ್ ಚಿತ್ರಗಳಲ್ಲಿ ನೀವು ಮೊದಲು ನೋಡಿದ್ದು ಯಾವುದು?
— ಓದುಗರು, ಧಾರವಾಡ

'ಜೋನ್ ಆಫ್ ಆರ್ಕ್'. 1928ರ ಮೂಕಿಚಿತ್ರ, ಫ್ರಾನ್ಸಿನಲ್ಲಿ ಮಾಡಿದ್ದು. ಎಂಬತ್ತರ ದಶಕದ ಶುರುವಿನಲ್ಲಿ ಮೈಸೂರಿನ ಒಂದು ಶಾಲೆಯ ಹಾಲ್‌ನಲ್ಲಿ ನಮ್ಮ ಚಿತ್ರಸಮಾಜದ ಪ್ರದರ್ಶನ. 16 ಎಂ.ಎಂ. ಪ್ರೊಜೆಕ್ಟರ್‌ಗೆ ರೀಲು ಹಾಕುತ್ತಿದ್ದವಳು ನಾನೇ. ಜೋನ್ ಪಾತ್ರ ಮಾಡಿದ ಫಾಲ್ಕೊನೆಟ್ಟಿಯ ಬಣ್ಣ ಹಚ್ಚದ ಮುಖ ಗೋಡೆ ತುಂಬ ಬಂದಾಗ ಹಾಲ್‌ನಲ್ಲಿ ಕೆಮ್ಮೂ ನಿಂತುಹೋಯಿತು, ಪ್ರೊಜೆಕ್ಟರಿನ ಟಕಟಕ ಬಿಟ್ಟರೆ ಬೇರೇನಿಲ್ಲ. ರೀಲು ಮುಗಿದು ದೀಪ ಹಾಕಿದೆ. ಯಾರೂ ಎದ್ದು ಟೀ ಕುಡಿಯಲು ಹೋಗಲಿಲ್ಲ.

ನಾವು ಅಂದು ನೋಡಿದ್ದು ಡ್ರೆಯರ್ ಕತ್ತರಿಸಿ ಜೋಡಿಸಿದ ಮೂಲ ರೂಪವಲ್ಲ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಮೂಲ ನೆಗೆಟಿವ್ ಬೆಂಕಿಗೆ ಹೋಗಿತ್ತು. ಉಳಿದ ತುಣುಕುಗಳಿಂದ ಅವರು ಮತ್ತೊಮ್ಮೆ ಜೋಡಿಸಿದ್ದಕ್ಕೂ ಬೆಂಕಿ ಬಿತ್ತು. ಡ್ರೆಯರ್ 1968ರಲ್ಲಿ ತೀರಿಕೊಂಡರು. 1981ರಲ್ಲಿ ಆಸ್ಲೊ ಬಳಿಯ ಮಾನಸಿಕ ಆಸ್ಪತ್ರೆಯೊಂದರಲ್ಲಿ ಮೂಲ ರೂಪದ ಪ್ರತಿ ಸಿಕ್ಕಿತು. ನೀವು ಇವತ್ತು ನೋಡುವುದು ಅದನ್ನು. ನೀವು ಪುಣ್ಯವಂತರು.

ಪ್ರಶ್ನೆ: ಡೆನ್ಮಾರ್ಕಿನ ಒಬ್ಬ ನಟಿಗೆ ನೀವೇ ಪ್ರಶಸ್ತಿ ಕೊಡುವುದಾದರೆ?
— ಓದುಗರು, ಉಡುಪಿ

ಬಿರ್ಗಿಟ್ಟೆ ಫೆಡರ್‌ಸ್ಪೀಲ್. 'ಓರ್ಡೆಟ್'ಗೆ ಆಕೆಗೆ ಬೊಡಿಲ್ ಬಂದಿತ್ತು, ಶ್ರೇಷ್ಠ ಚಿತ್ರದ ಬೊಡಿಲ್ ಕೂಡ ಅದಕ್ಕೇ. ಆದರೆ ನಾನು ಕೊಡುವುದು ಮೂವತ್ತೆರಡು ವರ್ಷದ ಮೇಲೆ ಬಂದ 'ಬಾಬೆಟ್‌ಳ ಔತಣ'ಕ್ಕೆ. ಡೆನ್ಮಾರ್ಕಿಗೆ ಪರಭಾಷಾ ವಿಭಾಗದ ಮೊದಲ ಆಸ್ಕರ್ ತಂದದ್ದು ಅದೇ. ಮತ್ತೆ ಜಟ್‌ಲೆಂಡಿನ ಕಡಲತೀರ, ಮತ್ತೆ ಭಕ್ತರ ಪಂಥ. ಇಂಗರ್ ಆಗಿ ಎದ್ದು ಕೂತವಳು ಇಲ್ಲಿ ತಲೆ ನರೆತ ಮಾರ್ಟಿನೆ, ಮದುವೆಯಾಗದೆ ಉಳಿದ ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬಳು. ಅಂದು ಯೊಹಾನೆಸ್ ಆಗಿದ್ದ ಪ್ರೆಬೆನ್ ಲೆರ್ಡಾರ್ಫ್ ರೈ ಕೂಡ ಮುದುಕನಾಗಿ ಸಣ್ಣ ಪಾತ್ರದಲ್ಲಿದ್ದಾರೆ.

ಇನ್ನೊಬ್ಬ ಸೋದರಿ ಫಿಲಿಪ್ಪಾ. ಔತಣ ಮುಗಿದು, ಮೇಣದಬತ್ತಿ ಸಣ್ಣಗಾಗುತ್ತಿರುವಾಗ, ಇದ್ದ ಹಣವನ್ನೆಲ್ಲ ಒಂದೇ ಊಟಕ್ಕೆ ಸುರಿದ ಅಡುಗೆಯವಳನ್ನು ಹೋಗಿ ಅಪ್ಪಿಕೊಳ್ಳುವವಳು. ಆ ಪಾತ್ರ ಮಾಡಿದವರು ಬೊಡಿಲ್ ಕ್ಯೆರ್.