ಮೂಡಿಗೆರೆಯ ಚಳಿಗೆ ಹಾಟ್ ಯೋಗ: ಶಾಖ ಎಷ್ಟು ಬೇಕು, ಎಲ್ಲಿ ಸಾಕು

ಅಕ್ಕಾ, ನಿಮ್ಮ ಪ್ರಶ್ನೆ ಓದಿದೆ. ವಯಸ್ಸು 46, ಮಳೆ ಹಿಡಿದರೆ ಬೆಳಿಗ್ಗೆ ಮಂಡಿ, ಸೊಂಟ ಬಿಗಿದುಕೊಳ್ಳುತ್ತೆ. ಬೆಂಗಳೂರಲ್ಲಿ ಮಗಳ ಜೊತೆ ಎರಡು ಸಲ ಹಾಟ್ ಯೋಗ, ಅಂದರೆ ಕಾಯಿಸಿದ ಕೋಣೆಯಲ್ಲಿ ಮಾಡುವ ಯೋಗದ ಕ್ಲಾಸಿಗೆ ಹೋದಾಗ ಮೈ ಹಗುರಾಯ್ತು, ಈಗ ಮನೆಯ ಹಿಂದಿನ ಕೋಣೆಯಲ್ಲೇ ಹೀಟರ್ ಇಟ್ಟು ದಿನಾ ಮಾಡಬಹುದಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು ಬೆವರಲ್ಲಿ ಮೈಯ ವಿಷವೆಲ್ಲ ಹೋಗುತ್ತೆ ಅಂದಿದ್ದಾರೆ. ಇನ್ನೊಬ್ಬರು ಹೀಟರಿಗೆ ದುಡ್ಡು ಯಾಕೆ, ಬಾಣಲೆಯಲ್ಲಿ ಕೆಂಡ ಇಡಿ ಅಂದಿದ್ದಾರೆ. ಕೆಂಡದ ಮಾತಿಗೆ ಮೊದಲು ಉತ್ತರ ಹೇಳಿಬಿಡ್ತೀನಿ, ಯಾಕಂದ್ರೆ ಅದು ಜೀವಕ್ಕೆ ಸಂಬಂಧಪಟ್ಟದ್ದು.

ಮುಚ್ಚಿದ ಕೋಣೆಯಲ್ಲಿ ಕೆಂಡ, ಇದ್ದಿಲು, ಗ್ಯಾಸ್ ಒಲೆ ಯಾವುದನ್ನೂ ಇಡಬೇಡಿ. ಉರಿ ಆರಿ ಹೊಗೆ ನಿಂತ ಕೆಂಡವೇ ಕಾರ್ಬನ್ ಮಾನಾಕ್ಸೈಡ್ ಬಿಡುವುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮೂ ಬರಿಸುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತೆ. ತಲೆನೋವು, ವಾಕರಿಕೆ, ಮಂಪರು ಬರುತ್ತೆ. ಯೋಗ ಮಾಡ್ತಾ ಇರುವವರು ಅದನ್ನು ಶಾಖದ ಸುಸ್ತು ಅಂದುಕೊಂಡು ಅಲ್ಲೇ ಶವಾಸನಕ್ಕೆ ಮಲಗಿಬಿಡ್ತಾರೆ. ಕಿಟಕಿ ಸ್ವಲ್ಪ ತೆರೆದಿದ್ದರೂ ನಂಬುವಂತಿಲ್ಲ. ಹಂಡೆ ಒಲೆಯ ಬಚ್ಚಲುಮನೆ ಬೆಚ್ಚಗಿದೆ ಅಂತ ಅಲ್ಲಿ ಮ್ಯಾಟ್ ಹಾಸುವುದಕ್ಕೂ ಇದೇ ಉತ್ತರ.

ಇನ್ನು ಲಾಭದ ವಿಷಯ. ಶಾಖದಿಂದ ಬರುವುದು ಯಾವುದು, ನಿಯಮಿತ ಅಭ್ಯಾಸದಿಂದ ಬರುವುದು ಯಾವುದು ಅಂತ ಬೇರೆ ಮಾಡಿ ನೋಡಿದರೆ ಕೋಣೆಯನ್ನು ಎಷ್ಟು ಕಾಯಿಸಬೇಕು ಅನ್ನುವುದು ತಾನಾಗಿ ತಿಳಿಯುತ್ತೆ. ಸ್ಟುಡಿಯೋಗಳಲ್ಲಿ ಹಾಟ್ ಯೋಗ ಅನ್ನುವುದು ಬಹುಪಾಲು ಬಿಕ್ರಮ್ ಚೌಧುರಿ ಅನ್ನುವವರು ರೂಪಿಸಿದ ಬಿಕ್ರಮ್ ಪದ್ಧತಿಯಿಂದ ಬಂದದ್ದು: 24 ಆಸನ, 2 ಉಸಿರಾಟದ ಕ್ರಮ ಸೇರಿ 26, 90 ನಿಮಿಷ, ಕೋಣೆ ಸುಮಾರು 40 ಡಿಗ್ರಿ, ತೇವಾಂಶ ಶೇಕಡಾ 40. ಟೆಕ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕ್ರಮವನ್ನು 40ರಿಂದ 60 ವಯಸ್ಸಿನವರಿಂದ 12 ವಾರ, ವಾರಕ್ಕೆ 3 ಸಲ ಮಾಡಿಸಿದರು. ಒಂದು ಗುಂಪಿಗೆ 40.5 ಡಿಗ್ರಿ ಕೋಣೆ, ಇನ್ನೊಂದಕ್ಕೆ 23 ಡಿಗ್ರಿ. ರಕ್ತನಾಳ ಹಿಗ್ಗುವ ಶಕ್ತಿ ಎರಡು ಗುಂಪಿನಲ್ಲೂ ಸುಧಾರಿಸಿತು. ಅಂದರೆ ಆ ಲಾಭ ಕೊಟ್ಟದ್ದು ಬಿಸಿ ಅಲ್ಲ, ಅಭ್ಯಾಸ. ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 8 ವಾರಕ್ಕೆ 24 ಕ್ಲಾಸ್ ಮಾಡಿಸಿದಾಗ ಬೆನ್ನು ಕಾಲಿನ ಬಲ, ಮೈ ಬಾಗುವಿಕೆ ಹೆಚ್ಚಿತು. ಎದೆಯ ದಮ್ಮು ಮಾತ್ರ ಹೆಚ್ಚಲಿಲ್ಲ. ಹಾಗಾಗಿ ತೋಟದ ಏರಿನ ನಡಿಗೆಯನ್ನು ಯೋಗ ಶುರುವಾಯ್ತು ಅಂತ ಬಿಡಬೇಡಿ.

ಮನಸ್ಸಿನ ವಿಷಯದಲ್ಲೂ ಒಂದು ಒಳ್ಳೆಯ ಸುದ್ದಿ ಇದೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 8 ವಾರ ಹಾಟ್ ಯೋಗ ಮಾಡಿದ ಖಿನ್ನತೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಲಕ್ಷಣ ಅರ್ಧಕ್ಕಿಳಿಯಿತು. ಆದರೆ ಹೋಲಿಕೆಗೆ ಇಟ್ಟುಕೊಂಡದ್ದು ಏನೂ ಮಾಡದೆ ಸರದಿ ಕಾಯುತ್ತಿದ್ದವರನ್ನು, ತಣ್ಣನೆ ಕೋಣೆಯಲ್ಲಿ ಯೋಗ ಮಾಡಿದವರನ್ನಲ್ಲ. ಮಾತ್ರೆ ತೆಗೆದುಕೊಳ್ಳುವವರು ಇದನ್ನು ಓದಿ ಮಾತ್ರೆ ನಿಲ್ಲಿಸುವುದು ಬೇಡ.

ಹಾಗಾದರೆ ಶಾಖ ಕೊಡುವುದೇನು? ಬೆಚ್ಚಗಾದ ಸ್ನಾಯು ಬೇಗ ಸಡಿಲವಾಗುತ್ತೆ, ಬಿಗಿದ ಕೀಲಿನ ನೋವು ಕಡಿಮೆ ಅನ್ನಿಸುತ್ತೆ, ಚಳಿಯ ಬೆಳಿಗ್ಗೆ 20 ನಿಮಿಷ ತಗಲುವ ತಯಾರಿ 5 ನಿಮಿಷದಲ್ಲಿ ಮುಗಿಯುತ್ತೆ. ಒಂದೆರಡು ವಾರದಲ್ಲಿ ದೇಹ ಸೆಕೆಗೆ ಒಗ್ಗಿ ರಕ್ತದ ದ್ರವಭಾಗ ಹೆಚ್ಚುತ್ತೆ, ಬೆವರು ಬೇಗ ಶುರುವಾಗುತ್ತೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತೆ. ನಿಮ್ಮ ತೊಂದರೆಗೆ ಇಷ್ಟು ಸಾಕು, ಇದಕ್ಕೆ 40 ಡಿಗ್ರಿ ಬೇಕಿಲ್ಲ. ಮನೆಯಲ್ಲಿ ಟೀಚರ್ ಇಲ್ಲದೆ ಮಾಡುವವರಿಗೆ 32ರಿಂದ 35 ಡಿಗ್ರಿ ನನ್ನ ಮಿತಿ.

ವಿಷ ಹೋಗುತ್ತೆ ಅಂದವರಿಗೆ: ಬೆವರು ಅಂದರೆ ನೀರು ಮತ್ತು ಉಪ್ಪು. ಕಶ್ಮಲ ತೆಗೆಯುವ ಕೆಲಸ ಯಕೃತ್ತು, ಮೂತ್ರಪಿಂಡದ್ದು. ನೀರು ಕುಡಿಯದೆ ಬೆವರಿದರೆ ಮೂತ್ರಪಿಂಡಕ್ಕೇ ಕಷ್ಟ. ಕ್ಲಾಸ್ ಮುಗಿದ ಮೇಲೆ ತಕ್ಕಡಿಯಲ್ಲಿ ಕಾಣುವ ಒಂದು ಕೆಜಿ ಇಳಿಕೆಯೂ ನೀರೇ. 90 ನಿಮಿಷದ ಪೂರ್ತಿ ಕ್ಲಾಸಿನಲ್ಲಿ ಹೆಂಗಸರಿಗೆ ಸುಮಾರು 330, ಗಂಡಸರಿಗೆ 460 ಕ್ಯಾಲೊರಿ ಖರ್ಚಾಗುತ್ತೆ, ಜೋರು ನಡಿಗೆಯಷ್ಟು.

ಕೋಣೆ ಹೇಗೆ ಮಾಡುವುದು ಅಂತ ನೋಡೋಣ. ಬರೀ ಹೆಂಚಿನ ಮಾಡಿನ ಕೋಣೆ ಆಗುವುದಿಲ್ಲ, ಬಿಸಿಗಾಳಿ ಹೆಂಚಿನ ಸಂದಿಯಲ್ಲಿ ಮೇಲಕ್ಕೇ ಹೋಗುತ್ತೆ. ಮುಚ್ಚಿಗೆ ಇರುವ ಕೋಣೆ ಅಥವಾ ಆರ್‌ಸಿಸಿ ಕೋಣೆ ಆರಿಸಿ. 10 ಅಡಿ, 12 ಅಡಿ, ಎತ್ತರ 10 ಅಡಿಯ ಕೋಣೆಯ ಗಾಳಿಯನ್ನು 16ರಿಂದ 34 ಡಿಗ್ರಿಗೆ ಏರಿಸಲು ಕಾಲು ಯೂನಿಟ್ ಕರೆಂಟೂ ಬೇಡ. ಉಳಿದದ್ದನ್ನೆಲ್ಲ ತಿನ್ನುವುದು ಗೋಡೆ ಮತ್ತು ನೆಲ. ಹಾಗಾಗಿ 30–40 ನಿಮಿಷ ಮೊದಲೇ ಹಾಕಬೇಕು. 2000 ವಾಟ್‌ನ ಹೀಟರ್ ಒಂದೂವರೆ ಗಂಟೆ ನಿಲ್ಲದೆ ಉರಿದರೂ 3 ಯೂನಿಟ್, ಥರ್ಮೋಸ್ಟಾಟ್ ಇದ್ದರೆ ಇನ್ನೂ ಕಡಿಮೆ. ಕಾದ ತಂತಿ ಕಾಣುವ ರಾಡ್ ಹೀಟರ್ ಬೇಡ: ಒಂದೇ ಮಗ್ಗುಲು ಸುಡುತ್ತೆ, ಕಾಲು ಬೀಸಿದಾಗ ತಗಲುತ್ತೆ. ಎಣ್ಣೆ ತುಂಬಿದ ರೇಡಿಯೇಟರ್ ನಿಧಾನ, ಆದರೆ ಶಾಖ ಸಮವಾಗಿ ಹರಡುತ್ತೆ, ಗಾಳಿ ಬೀಸಿ ಕಣ್ಣು ಗಂಟಲು ಒಣಗಿಸುವುದಿಲ್ಲ. 16 ಆಂಪಿಯರ್ ಸಾಕೆಟ್ಟಿಗೇ ನೇರ ಹಾಕಿ. ಎಕ್ಸ್‌ಟೆನ್ಶನ್ ಬಾಕ್ಸ್ ಕರಗಿ ಹೊತ್ತಿಕೊಳ್ಳುವುದು ಇಂಥ ಕೆಲಸದಲ್ಲೇ. ಹಳೆ ಮನೆಯ ವೈರಿಂಗ್ ಆಗಿದ್ದರೆ ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ, ಅರ್ತಿಂಗ್ ಸರಿಯಿದೆಯಾ ನೋಡಿಸಿ. ಹೀಟರಿಗೂ ಮ್ಯಾಟಿಗೂ ಕನಿಷ್ಠ 4 ಅಡಿ. ಬಾಗಿಲು ಎರಡು ಬೆರಳು ತೆರೆದಿರಲಿ, ಚಿಲಕ ಹಾಕಬೇಡಿ. ಉಷ್ಣತೆ, ತೇವಾಂಶ ಎರಡನ್ನೂ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ತಗೊಂಡು ಎದೆಯ ಎತ್ತರದಲ್ಲಿ, ಹೀಟರಿನ ಎದುರು ಗೋಡೆಗೆ ಹಾಕಿ. ಮೀಟರ್ ಇಲ್ಲದೆ ಶುರು ಮಾಡಲೇಬೇಡಿ, ಯಾಕಂದ್ರೆ ನಮ್ಮ ಮಲೆನಾಡಲ್ಲಿ ಅಳತೆ ತಪ್ಪುವುದು ತೇವಾಂಶದಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೈ ತಂಪಾಗುವುದು ಬೆವರು ಸುರಿದರೆ ಅಲ್ಲ, ಆರಿದರೆ. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಮೈಯಿಂದ ಹೋಗುತ್ತೆ. ಅದೇ ಲೀಟರ್ ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಹೆಚ್ಚೇನೂ ಹೋಗಲ್ಲ, ನೀರು ಮಾತ್ರ ನಷ್ಟ. ಜುಲೈಯಲ್ಲಿ ಹೊರಗೆ 20 ಡಿಗ್ರಿ, ತೇವಾಂಶ ಶೇಕಡಾ 95 ಇದ್ದಾಗ ಆ ಗಾಳಿಯನ್ನೇ 34ಕ್ಕೆ ಕಾಯಿಸಿದರೆ ತೇವಾಂಶ ಸುಮಾರು ಶೇಕಡಾ 42ಕ್ಕೆ ಬರುತ್ತೆ. ಸ್ಟುಡಿಯೋದವರು ಯಂತ್ರ ಇಟ್ಟು ಮಾಡುವುದನ್ನು ನಮ್ಮ ಮಳೆಗಾಲ ಪುಕ್ಕಟೆ ಕೊಡುತ್ತೆ. ಆದರೆ ಅದೇ ಕೋಣೆಯಲ್ಲಿ ಬಟ್ಟೆ ಒಣಹಾಕಿದ್ದರೆ, ಗೋಡೆ ತೇವ ಕುಡಿದಿದ್ದರೆ, ಜೊತೆಗೆ ನಿಮ್ಮ ಬೆವರೂ ಸೇರಿ ಅರ್ಧ ಗಂಟೆಯಲ್ಲಿ ತೇವಾಂಶ 60 ದಾಟಬಹುದು. ಮೀಟರ್ 60 ತೋರಿಸಿದರೆ ಉಷ್ಣತೆ 30ರ ಆಸುಪಾಸಿಗೆ ಇಳಿಸಿ, ಬಾಗಿಲು ಇನ್ನಷ್ಟು ತೆರೆಯಿರಿ. ಜನವರಿಯಲ್ಲಿ ಉಲ್ಟಾ: ಹೊರಗೆ 15 ಡಿಗ್ರಿ, ಶೇಕಡಾ 70 ಇದ್ದರೆ 34ಕ್ಕೆ ಕಾಯಿಸಿದಾಗ ಶೇಕಡಾ 22 ಮಾತ್ರ ಉಳಿಯುತ್ತೆ. ಗಂಟಲು ಒಣಗುತ್ತೆ, ಬೆವರು ಕಾಣುವ ಮೊದಲೇ ಆರುವುದರಿಂದ ನೀರು ಹೋದದ್ದೇ ಗೊತ್ತಾಗುವುದಿಲ್ಲ. ಆಗ ಅಗಲ ಬಾಯಿಯ ಪಾತ್ರೆಯಲ್ಲಿ ಬಿಸಿನೀರು ಮೂಲೆಗಿಡಿ, ತೇವಾಂಶ 30–40 ಬಂದರೆ ಸಾಕು.

ಮೊದಲ ವಾರ 28–30 ಡಿಗ್ರಿ, ಅರ್ಧ ಗಂಟೆ. ಎರಡನೇ ವಾರ 32, 40 ನಿಮಿಷ. ಮೂರನೇ ವಾರದಿಂದ 34, 50 ನಿಮಿಷ. ದಿನಾ ಬೇಡ, ವಾರಕ್ಕೆ 3 ದಿನ ಬಿಸಿ ಕೋಣೆ. ಉಳಿದ ದಿನ ಹೀಟರ್ ಇಲ್ಲದೆ 20 ನಿಮಿಷ. ಎರಡು ವಾರ ಬಿಟ್ಟು ಮತ್ತೆ ಬಂದರೆ ಮೊದಲಿಂದಲೇ ಏರಿಸಿಕೊಂಡು ಬನ್ನಿ, ಒಗ್ಗಿದ್ದು ಅಷ್ಟರಲ್ಲಿ ಬಹಳಷ್ಟು ಇಳಿದಿರುತ್ತೆ.

ನಿಂತು 10 ನಿಧಾನ ಉಸಿರು, ಸೂರ್ಯನಮಸ್ಕಾರ 4 ಸುತ್ತು, ಆಮೇಲೆ ಉತ್ಕಟಾಸನ, ಗರುಡಾಸನ, ತ್ರಿಕೋಣಾಸನ, ವೃಕ್ಷಾಸನ. ನಿಂತ ಆಸನ ಮುಗಿಸಿ 2 ನಿಮಿಷ ಅಂಗಾತ ಮಲಗಿ. ಆಮೇಲೆ ಭುಜಂಗ, ಶಲಭ, ಸೇತುಬಂಧ, ಪವನಮುಕ್ತ, ಕೊನೆಗೆ ಅರ್ಧಮತ್ಸ್ಯೇಂದ್ರ. ನಿಂತದ್ದು ಮೊದಲು, ಮಲಗಿದ್ದು ಆಮೇಲೆ. ಶಾಖಕ್ಕೆ ಚರ್ಮದ ರಕ್ತನಾಳ ಹಿಗ್ಗಿರುತ್ತೆ, ಕಾಲಲ್ಲಿ ರಕ್ತ ನಿಲ್ಲುತ್ತೆ. ಮಲಗಿದವರು ಧಡಕ್ಕನೆ ಎದ್ದರೆ ಕಣ್ಣು ಕತ್ತಲೆ ಬರುತ್ತೆ. ಉಷ್ಟ್ರಾಸನದಲ್ಲಿ (ಮಂಡಿಯೂರಿ ಹಿಂದಕ್ಕೆ ಬಾಗುವುದು) ತಲೆಸುತ್ತು ಹೆಚ್ಚು, ಮೊದಲ ತಿಂಗಳು ಬೇಡ. ಬಿಕ್ರಮ್ ಕ್ರಮ ಕಪಾಲಭಾತಿಯಲ್ಲಿ ಮುಗಿಯುತ್ತೆ, ಅದೂ ಭಸ್ತ್ರಿಕೆಯೂ ರಭಸದ ಉಸಿರಾಟ; ಮನೆಯಲ್ಲಿ ಟೀಚರ್ ಇಲ್ಲದೆ ಬಿಸಿಯಲ್ಲಿ ಎರಡನ್ನೂ ಬಿಡಿ. ಹೀಟರ್ ಆಫ್ ಮಾಡಿ ಶವಾಸನ, 8–10 ನಿಮಿಷ. ಒದ್ದೆ ಬಟ್ಟೆಯಲ್ಲಿ ಅಂಗಳಕ್ಕೆ ಹೋಗಬೇಡಿ, ತಣ್ಣನೆ ಗಾಳಿಗೆ ಸಡಿಲಾದ ಸ್ನಾಯು ಮತ್ತೆ ಬಿಗಿಯುತ್ತೆ.

ಬಿಸಿ ಕೋಣೆಯಲ್ಲಿ ಆಗುವ ಪೆಟ್ಟು ಹೆಚ್ಚಾಗಿ ಒಂದೇ ರೀತಿಯದು. ಸ್ನಾಯು ಸಡಿಲಾದ ಖುಷಿಯಲ್ಲಿ ಇನ್ನೂ ಬಗ್ಗುತ್ತಾರೆ, ಆಗ ಎಳೆಯುವುದು ಸ್ನಾಯುವನ್ನಲ್ಲ, ಕೀಲು ಕಟ್ಟುವ ನಾರನ್ನು, ಸ್ನಾಯು ಮೂಳೆಗೆ ಅಂಟುವ ನಾರನ್ನು. ಅದು ಆ ಹೊತ್ತಿಗೆ ನೋಯದೆಯೂ ಇರಬಹುದು. ಮಾರನೇ ದಿನ ಕೂತಾಗ ಒತ್ತುವ ಮೂಳೆಯ ಹತ್ತಿರ, ತೊಡೆಯ ಹಿಂಬದಿ ಶುರುವಾಗುವ ಜಾಗದಲ್ಲಿ ಚುಚ್ಚಿದರೆ ಪಾದಹಸ್ತಾಸನ (ನಿಂತು ಮುಂದಕ್ಕೆ ಬಾಗಿ ಪಾದ ಮುಟ್ಟುವುದು) ಅತಿಯಾಯ್ತು ಅಂತಲೇ ಅರ್ಥ, ತಿಂಗಳುಗಟ್ಟಲೆ ಕಾಡುತ್ತೆ. ತಣ್ಣಗಿದ್ದಾಗ ಎಷ್ಟು ಬಾಗುತ್ತೀರೋ ಅದಕ್ಕಿಂತ ಸ್ವಲ್ಪ ಮಾತ್ರ ಮುಂದೆ ಹೋಗಿ. ಮಂಡಿಯನ್ನು ಹಿಂದಕ್ಕೆ ಲಾಕ್ ಮಾಡಿ ಅಂತ ಕ್ಲಾಸಲ್ಲಿ ಹೇಳಿರಬಹುದು; ನೀವು ತೊಡೆಯ ಮುಂಭಾಗ ಬಿಗಿಮಾಡಿ, ಮಂಡಿ ಕೂದಲೆಳೆಯಷ್ಟು ಬಾಗಿರಲಿ. ಮಂಡಿ ಊದಿ, ಮುಟ್ಟಿದರೆ ಬಿಸಿ ಇದ್ದರೆ ಅದು ಬರೀ ಬಿಗಿತ ಅಲ್ಲ. ಆ ದಿನ ಶಾಖವೂ ಬೇಡ, ಆಸನವೂ ಬೇಡ, ಡಾಕ್ಟರಿಗೆ ತೋರಿಸಿ.

ಊಟ ಆಗಿ 3 ಗಂಟೆ ಕಳೆದಿರಲಿ. ಎರಡು ಗಂಟೆ ಮೊದಲು ಅರ್ಧ ಲೀಟರ್ ನೀರು. ಮೊದಲ ನಾಲ್ಕೈದು ಸಲ ಮುಂಚೆ ಮತ್ತು ಆಮೇಲೆ ತೂಕ ನೋಡಿ, ಒಂದು ಕೆಜಿ ಇಳಿದಿದ್ದರೆ ಒಂದು ಲೀಟರ್ ಹೋಗಿದೆ. ಮುಂದಿನ ಮೂರು ನಾಲ್ಕು ಗಂಟೆಯಲ್ಲಿ ಒಂದೂಕಾಲರಿಂದ ಒಂದೂವರೆ ಲೀಟರ್ ಸ್ವಲ್ಪಸ್ವಲ್ಪವೇ ಕುಡಿಯಿರಿ. ಮೈತೂಕದ ಶೇಕಡಾ 2ಕ್ಕಿಂತ, ಅಂದರೆ 60 ಕೆಜಿಯವರಿಗೆ 1.2 ಕೆಜಿಗಿಂತ ಹೆಚ್ಚು ಇಳಿದರೆ ಮುಂದಿನ ಸಲ ಶಾಖ ಕಡಿಮೆ ಮಾಡಿ. ಒಂದು ಲೀಟರ್ ಬೆವರಿನಲ್ಲಿ ಸುಮಾರು ಅರ್ಧ ಟೀ ಚಮಚ ಉಪ್ಪು ಹೋಗುತ್ತೆ, ಅದಕ್ಕೇ ಬರೀ ನೀರು ಒಂದೇ ಸಲ ಲೀಟರ್‌ಗಟ್ಟಲೆ ಕುಡಿದರೆ ಸೋಡಿಯಂ ಇಳಿದು ತಲೆನೋವು, ವಾಕರಿಕೆ ಬರುತ್ತೆ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ಎರಡೂ ಒಳ್ಳೆಯದು. ಅರಸೀಕೆರೆಯ ಎಳನೀರೂ ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಚಿಟಿಕೆ ಉಪ್ಪು ಸೇರಿಸಿ.

ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಮೂರ್ಛೆ ರೋಗದವರು ಬಿಸಿ ಕೋಣೆಗೆ ಬೇಡವೇ ಬೇಡ. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವುದು, ನಾಡಿ ನಿಧಾನ ಮಾಡುವುದು ಅಂತ ಬಗೆ ಇವೆ, ಎರಡೂ ಶಾಖದಲ್ಲಿ ಕಷ್ಟ ಕೊಡುತ್ತವೆ. ಇನ್ಸುಲಿನ್ ಶಾಖಕ್ಕೆ ಬೇಗ ರಕ್ತಕ್ಕೆ ಸೇರಿ ಸಕ್ಕರೆ ಇಳಿಸಬಹುದು. ಕೆಲವು ಅಲರ್ಜಿ ಮತ್ತು ಮಾನಸಿಕ ಕಾಯಿಲೆಯ ಮಾತ್ರೆ ಬೆವರನ್ನೇ ತಡೆಯುತ್ತವೆ. ಇವುಗಳಲ್ಲಿ ಯಾವುದಾದರೂ ಇದ್ದರೆ ಮಾತ್ರೆಯ ಚೀಟಿ ಹಿಡಿದುಕೊಂಡು ಹೋಗಿ ಡಾಕ್ಟರನ್ನು ಕೇಳಿ. ಮಾಡುವಾಗ ತಲೆಸುತ್ತು, ವಾಕರಿಕೆ, ಸೆಕೆಯಲ್ಲೂ ಮೈ ಜುಮ್ಮೆಂದು ಚಳಿ ಬಂದರೆ ತಕ್ಷಣ ಹೊರಬಂದು ಕಾಲೆತ್ತಿ ಮಲಗಿ. ಮಾತು ತೊದಲಿದರೆ, ಗಲಿಬಿಲಿ ಕಂಡರೆ ಅದು ಬಿಸಿಲಾಘಾತದಷ್ಟೇ ಗಂಭೀರ: ಮೈಗೆ ನೀರು ಸುರಿದು ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಬೇಕು. ಅದಕ್ಕೇ ಮನೆಯಲ್ಲಿ ಇನ್ನೊಬ್ಬರು ಇರುವ ಹೊತ್ತಲ್ಲೇ ಮಾಡಿ.

ಕರೆಂಟ್ ಹೋದ ದಿನ ಏನು ಮಾಡುವುದು ಅಂತಲೂ ಕೇಳಿದ್ದೀರಿ. ಮನೆಯ ಇನ್ವರ್ಟರ್ 2000 ವಾಟ್ ಎಳೆಯುವುದಿಲ್ಲ. ಆ ದಿನಕ್ಕೆ ಹಾಸನದ ಕಡೆಯದೇ ದಾರಿ ಇದೆ. ಹಾಸನದ ಹತ್ತಿರದ ಕೌಶಿಕದಲ್ಲಿ 1915ರಲ್ಲಿ ಹುಟ್ಟಿದ ಯೋಗಶಿಕ್ಷಕ ಪಟ್ಟಾಭಿ ಜೋಯಿಸರು 1927ರಲ್ಲಿ ಹಾಸನದಲ್ಲೇ ಯೋಗಗುರು ಕೃಷ್ಣಮಾಚಾರ್ಯರ ಪ್ರಾತ್ಯಕ್ಷಿಕೆ ನೋಡಿ ಅವರ ಶಿಷ್ಯರಾದವರು. ಮುಂದೆ ಅವರು ಮೈಸೂರಿನಲ್ಲಿ ಕಲಿಸಿದ ಅಷ್ಟಾಂಗ ಕ್ರಮದಲ್ಲಿ ಶಾಖ ಬರುವುದು ಹೀಟರಿನಿಂದಲ್ಲ, ಉಸಿರಿಗೆ ಹೊಂದಿಸಿದ ಸೂರ್ಯನಮಸ್ಕಾರದಿಂದ. ಕಾಲುಚೀಲ, ತುಂಬುತೋಳಿನ ಬನಿಯನ್ ಹಾಕಿಕೊಂಡು ಮೂಗಿನಲ್ಲೇ ಉಸಿರಾಡುತ್ತಾ 8–10 ಸುತ್ತು ಮಾಡಿ, ಬೆವರು ಮೂಡಿದ ಮೇಲೆ ಕಾಲುಚೀಲ ತೆಗೆದು ಆಸನಕ್ಕೆ ಹೋಗಿ. ಸಪಾಟು ನೆಲದಲ್ಲಿ ಕಾಲುಚೀಲ ಜಾರುತ್ತೆ, ಮ್ಯಾಟ್ ಬಿಟ್ಟು ಕಾಲಿಡಬೇಡಿ.

ಮ್ಯಾಟ್ ಮೇಲೆ ದಪ್ಪ ಹತ್ತಿಯ ಟವೆಲ್ ಹಾಸಿ, ಇಲ್ಲದಿದ್ದರೆ ಬೆವರಿಗೆ ಕೈ ಜಾರುತ್ತೆ. ಟವೆಲ್ ಪ್ರತಿ ಸಲ ಒಗೆಯಬೇಕು. ಮ್ಯಾಟನ್ನು ಒರೆಸಿ, ಸುತ್ತದೆ ನೇತುಹಾಕಿ. ಮಳೆಗಾಲದಲ್ಲಿ ಒದ್ದೆ ಮ್ಯಾಟ್ ಸುತ್ತಿಟ್ಟರೆ ಬೂಸು ಹಿಡಿಯುತ್ತೆ, ಆ ತೇವಕ್ಕೆ ಹುಳುಕಡ್ಡಿ ಮೈಗೆ ಹತ್ತುತ್ತೆ. ಕೋಣೆಯ ಕಿಟಕಿಗಳನ್ನು ಮುಗಿದ ಮೇಲೆ ಒಂದು ಗಂಟೆ ತೆರೆದಿಡಿ. ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನದ ಕೋಣೆ ತಾನೇ 30 ದಾಟುತ್ತೆ, ಹೀಟರ್ ಅಟ್ಟಕ್ಕೆ ಹಾಕಿ.

ನಿಮ್ಮ ಕೋಣೆಯ ಅಳತೆ, ಮುಚ್ಚಿಗೆ ಇದೆಯೋ ಇಲ್ಲವೋ, ಬಿಪಿ ಶುಗರ್ ಮಾತ್ರೆ ಏನಾದರೂ ಇದೆಯೋ ಇಲ್ಲೇ ಬರೆಯಿರಿ. ಹೀಟರ್ ಎಷ್ಟು ವಾಟ್ ಸಾಕು ಅಂತ ಲೆಕ್ಕ ಹಾಕಿ ಹೇಳ್ತೀನಿ.