ಓದುಗರ ಪ್ರಶ್ನೆ: ಮಗುವಿನ ಕೈಕಾಲಿನ ಬಗ್ಗೆ ಸಂಶಯ ಬಂದ್ರೆ ಮನೆಯವರಿಗೆ ಹೇಗೆ ಹೇಳುದು?

ಪ್ರಶ್ನೆ: ನಾನು ಉಡುಪಿ ಹತ್ರದ ಒಂದು ಶಾಲೆಯಲ್ಲಿ ಎಲ್‌ಕೆಜಿ ಟೀಚರ್. ನನ್ನ ಕ್ಲಾಸಲ್ಲಿ ನಾಲ್ಕು ವರ್ಷ ದಾಟಿದ ಒಬ್ಬ ಹುಡುಗ ಇದ್ದಾನೆ, ಮಾತು ಚೆಂದ, ಪದ್ಯ ಎಲ್ಲ ಬಾಯಿಪಾಠ. ಆದ್ರೆ ಓಡುವಾಗ ಆಗಾಗ ಬೀಳ್ತಾನೆ, ಮೆಟ್ಟಿಲು ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಕಂಬಿ ಹಿಡ್ಕೊಂಡು ಮೈ ಎಳ್ಕೊಂಡು ಹತ್ತುದು. ಅಷ್ಟಮಿಗೆ ಡ್ಯಾನ್ಸ್ ಕಲಿಸುವಾಗ ನೆಲದಲ್ಲಿ ಕೂತು ಏಳುವ ಒಂದು ಸ್ಟೆಪ್ ಇತ್ತು, ಉಳಿದ ಮಕ್ಕಳೆಲ್ಲ ಟಪ್ಪಂತ ಎದ್ರು, ಇವನು ಮೊದಲು ನೆಲಕ್ಕೆ ಕೈ ಊರಿ, ಮತ್ತೆ ಮಂಡಿ ಹಿಡಿದು, ತೊಡೆ ಹಿಡಿದು ಎದ್ದ. ದಿನಾ ಹಾಗೇ. ಹೆಡ್‌ಮಿಸ್ ಹತ್ರ ಹೇಳಿದ್ರೆ "ನಾವೇನು ಡಾಕ್ಟರಾ, ಪೇರೆಂಟ್ಸ್ ಜಗಳಕ್ಕೆ ಬರ್ತಾರೆ, ಬೇಡ" ಅಂದ್ರು. ಅಪ್ಪ ಗಲ್ಫಲ್ಲಿ, ಮನೆಯಲ್ಲಿ ಅಮ್ಮ ಮತ್ತೆ ಅಜ್ಜಿ ಮಾತ್ರ. ಹೇಳ್ಬೇಕಾ? ಹೇಗೆ?
ಹೆಸರು ಬೇಡ, ಉಡುಪಿ

ಉತ್ತರ: ಹೇಳ್ಬೇಕು. ಅದೂ ಮುಂದಿನ ಪೇರೆಂಟ್ಸ್ ಮೀಟಿಂಗ್ ವರೆಗೆ ಕಾಯದೆ ಈ ವಾರವೇ. ನೀವು ಡಾಕ್ಟರಲ್ಲ ಅನ್ನುದು ಸರಿ, ಆದ್ರೆ ಕಂಡದ್ದನ್ನು ಕಂಡ ಹಾಗೆ ಹೇಳ್ಲಿಕ್ಕೆ ಡಾಕ್ಟರಾಗ್ಬೇಕಂತ ಇಲ್ಲ. ಒಂದೇ ವಯಸ್ಸಿನ ಅಷ್ಟೊಂದು ಮಕ್ಕಳನ್ನು ದಿನಾ ಒಟ್ಟಿಗೆ ನೋಡುವವರು ನೀವು, ಒಂದೇ ಮಗು ಇರುವ ಮನೆಯಲ್ಲಿ ಹೋಲಿಸಿ ನೋಡ್ಲಿಕ್ಕೆ ಇನ್ನೊಂದು ಮಗು ಇರುದಿಲ್ಲ, ಡಾಕ್ಟ್ರ ಕಣ್ಣಿಗೆ ಮಗು ಬೀಳುದು ಜ್ವರ ಬಂದು ಅಮ್ಮನ ತೊಡೆ ಮೇಲೆ ಕೂತಿರುವಾಗ, ಹಾಗಾಗಿ ನೆಲದಿಂದ ಏಳುದು ಹೇಗೆ ಅಂತ ಎಷ್ಟೋ ಸಲ ಮೊದಲು ಕಾಣುದು ಟೀಚರಿಗೇ.

ನಿಮ್ಮ ಪತ್ರದಲ್ಲಿ ನಂಗೆ ಹೆಚ್ಚು ಮುಖ್ಯ ಕಂಡದ್ದು ಬೀಳುದಲ್ಲ, ಏಳುದು. ಬೀಳುವ ಮಕ್ಕಳು ಬೇಕಷ್ಟು ಇದ್ದಾರೆ. ಆದ್ರೆ ಕೈಯಿಂದ ತನ್ನದೇ ಕಾಲನ್ನು ಹತ್ತಿದ ಹಾಗೆ ಏಳುದುಂಟಲ್ಲ, ಅದಕ್ಕೆ ಗೋವರ್ಸ್ ಸೈನ್ ಅಂತ ಹೇಳ್ತಾರೆ, ವಿಲಿಯಂ ಗೋವರ್ಸ್ ಅಂತ ಬ್ರಿಟಿಷ್ ಡಾಕ್ಟ್ರು 1879ರಲ್ಲೇ ಅದನ್ನು ವಿವರಿಸಿದ್ದು. ಸೊಂಟ ಮತ್ತು ತೊಡೆಯ ಸ್ನಾಯುಗಳಿಗೆ ಬಲ ಸಾಕಾಗುದಿಲ್ಲ, ಅದಕ್ಕೆ ಕೈ ಸಹಾಯಕ್ಕೆ ಬರ್ತದೆ. ನಾಲ್ಕು ವರ್ಷದ ಹೆಚ್ಚಿನ ಮಕ್ಕಳು ಒಂದು ಮೆಟ್ಟಿಲಿಗೆ ಒಂದು ಕಾಲು ಇಟ್ಟು ಹತ್ತುತ್ತಾರೆ, ಇವನಿಗೆ ಅದೂ ಆಗ್ತಿಲ್ಲ, ಎರಡೂ ಸೇರಿದ್ರೆ ಕಾದು ನೋಡುವ ವಿಷಯ ಅಲ್ಲ. ಮೀನಖಂಡ ಉಬ್ಬಿ ದಪ್ಪ ಕಾಣ್ತದಾ ಅಂತಲೂ ಗಮನಿಸಿ, ಮನೆಯವ್ರು ಒಳ್ಳೆ ಗಟ್ಟಿಮುಟ್ಟು ಕಾಲು ಅಂತ ಖುಷಿ ಪಡ್ತಾರೆ, ಆದ್ರೆ ಕೆಲವು ಸ್ನಾಯು ಕಾಯಿಲೆಯಲ್ಲಿ ದಪ್ಪ ಇದ್ರೂ ಅಲ್ಲಿ ಬಲ ಇರುದಿಲ್ಲ.

ಕಾರಣ ಹಲವು ಇರ್ಬಹುದು. ವಿಟಮಿನ್ ಡಿ ತೀರಾ ಕಡಿಮೆ ಆದ್ರೂ ತೊಡೆಯ ಬಲ ಕುಗ್ತದೆ, ಅದು ಔಷಧಿಯಲ್ಲಿ ಸರಿ ಹೋಗುವಂಥದ್ದು. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದ್ರೆ ಸ್ನಾಯುಗಳ ಬಲ ವರ್ಷ ಹೋದ ಹಾಗೆ ಕುಗ್ತಾ ಹೋಗುವ ಕಾಯಿಲೆಯೂ ಇರ್ಬಹುದು, ಅದು ಹೆಚ್ಚಾಗಿ ಗಂಡು ಮಕ್ಕಳಿಗೇ ಬರುದು, ಕುಟುಂಬದಲ್ಲಿ ಯಾರಿಗೂ ಇಲ್ಲದಿದ್ರೂ ಬರ್ತದೆ. ಇದಕ್ಕೆ ಮೊದಲ ಪರೀಕ್ಷೆ ಸಿಕೆ ಅಥವಾ ಸಿಪಿಕೆ ಅಂತ ಒಂದು ಸಾಮಾನ್ಯ ರಕ್ತಪರೀಕ್ಷೆ, ಡುಶೆನ್ ಇದ್ರೆ ಅದು ವಿಪರೀತ ಜಾಸ್ತಿ ಬರ್ತದೆ, ಆಮೇಲೆ ಜೆನೆಟಿಕ್ ಟೆಸ್ಟ್. ಬೇಗ ಗೊತ್ತಾದ್ರೆ ಸ್ಟೀರಾಯ್ಡ್ ಔಷಧಿ ಯಾವಾಗ ಸುರು ಮಾಡುದು ಅಂತ ಡಾಕ್ಟ್ರಿಗೆ ಯೋಚನೆ ಮಾಡ್ಲಿಕ್ಕೆ ಆಗ್ತದೆ, ಅದ್ರಿಂದ ಮಗು ಹೆಚ್ಚು ವರ್ಷ ನಡೀಬಹುದು, ಅಮ್ಮ ಇನ್ನೊಂದು ಮಗುವಿನ ಯೋಚನೆಯಲ್ಲಿದ್ರೆ ಅವ್ರಿಗೂ ಮೊದಲೇ ಸಲಹೆ ಸಿಗ್ತದೆ. ಇಷ್ಟೆಲ್ಲ ಬರೆದದ್ದು ತಡ ಮಾಡುದು ಯಾಕೆ ಬೇಡ ಅಂತ ನಿಮಗೆ ಗೊತ್ತಾಗ್ಲಿಕ್ಕೆ ಮಾತ್ರ. ಅಮ್ಮನ ಹತ್ರ ಈ ಹೆಸರು ಬಾಯಿಬಿಡ್ಬೇಡಿ, ಅವ್ರು ರಾತ್ರಿ ಮೊಬೈಲಲ್ಲಿ ಹುಡುಕಿ ಒಬ್ಬರೇ ಅಳ್ತಾ ಕೂರುವ ಹಾಗೆ ಆಗ್ಬಾರ್ದು.

ಇನ್ನು ಹೇಳುದು ಹೇಗೆ ಅಂತ. ಶಾಲೆ ಬಿಡುವಾಗ ಗೇಟಿನ ಹತ್ರ, ಆಟೋದವರು, ಬೇರೆ ತಾಯಂದಿರು ಎಲ್ಲ ನಿಂತಿರುವಾಗ ಬೇಡ. ವಾಟ್ಸಾಪಲ್ಲಂತೂ ಬೇಡವೇ ಬೇಡ. ಒಂದಿನ ಬೇಗ ಬನ್ನಿ ಅಂತ ಕರೆದು ಕೂರಿಸಿ, ಮಗು ಇನ್ನೊಬ್ರ ಹತ್ರ ಆಡ್ತಿರ್ಲಿ. ಮೊದಲು ಅವನ ಒಳ್ಳೆದು ಹೇಳಿ, ನಿಜವಾಗಿ ಕಂಡದ್ದನ್ನೇ. ಆಮೇಲೆ ಕೇಳಿ, "ಮನೇಲಿ ಮೆಟ್ಟಿಲು ಹತ್ತುವಾಗ ಹೇಗೆ ಹತ್ತುತ್ತಾನೆ? ನೆಲದಲ್ಲಿ ಊಟಕ್ಕೆ ಕೂತು ಏಳುವಾಗ?" ಕೇಳಿ ಸುಮ್ಮನಿರಿ. ಎಷ್ಟೋ ಅಮ್ಮಂದಿರಿಗೆ ಇದು ಮೊದಲೇ ಕಂಡಿರ್ತದೆ, ಅತ್ತೆ ಹತ್ರ ಹೇಳಿ ಬೈಸ್ಕೊಂಡಿರ್ತಾರೆ, ಯಾರಾದ್ರೂ ಕೇಳ್ಲಿ ಅಂತ ಕಾಯ್ತಿರ್ತಾರೆ. ಅವ್ರು ಮಾತಾಡಿದ ಮೇಲೆ ನಿಮಗೆ ಕಂಡ ಎರಡು ಮೂರು ವಿಷಯ ಹೇಳಿ, ಡ್ಯಾನ್ಸ್ ಕಲಿಸುವಾಗ ಹೀಗೆ ಎದ್ದ, ಮೆಟ್ಟಿಲಲ್ಲಿ ಹೀಗೆ ಹತ್ತಿದ, ಅಂತ. ವೀಕ್, ಸ್ಲೋ, ಸೋಮಾರಿ ಅಂಥ ಮಾತು ಬೇಡ. ಕೊನೆಗೆ, "ಮಕ್ಕಳ ಡಾಕ್ಟ್ರು ಒಮ್ಮೆ ನೋಡ್ಲಿ, ಈ ವಾರವೇ ಹೋಗಿ, ನಾನು ಕಂಡದ್ದನ್ನು ಬರೆದು ಕೊಡ್ತೇನೆ" ಅನ್ನಿ, ಮತ್ತೆ ನಿಜವಾಗಿ ಒಂದು ಚೀಟಿ ಬರೆದು ಕೊಡಿ.

ಒಂದು ಮಾತು ಮಾತ್ರ ದಯವಿಟ್ಟು ಹೇಳ್ಬೇಡಿ, "ಎಂತ ಇರ್ಲಿಕ್ಕಿಲ್ಲ, ಟೆನ್ಶನ್ ಮಾಡ್ಬೇಡಿ" ಅಂತ. ಸಮಾಧಾನಕ್ಕೆ ಅಂತ ನೀವು ಹೇಳ್ತೀರಿ, ಆದ್ರೆ ಇಡೀ ಮಾತುಕತೆಯಲ್ಲಿ ಮನೆಗೆ ತಲುಪುದು ಅದೊಂದೇ, ಅಜ್ಜಿ ಹತ್ರ "ಟೀಚರೇ ಎಂತ ಇಲ್ಲ ಅಂದ್ರು" ಅಂತ ಆಗಿ ಡಾಕ್ಟ್ರ ಹತ್ರ ಹೋಗುದು ಅಲ್ಲಿಗೇ ನಿಲ್ತದೆ. ಅದ್ರ ಬದ್ಲು "ಎಂತದಂತ ನಂಗೆ ಗೊತ್ತಿಲ್ಲ, ಆದ್ರೆ ನೋಡಿಸುದು ಬೇಕು" ಅನ್ನಿ.

ಅಜ್ಜಿ "ಅವನ ಅಪ್ಪನೂ ಹೀಗೇ, ತಡ ನಡೆದದ್ದು" ಅಂತ ಹೇಳಿಯೇ ಹೇಳ್ತಾರೆ. ವಾದ ಬೇಡ, ಇರ್ಬಹುದಮ್ಮ, ಆದ್ರೂ ಒಮ್ಮೆ ತೋರಿಸಿ ಅನ್ನಿ. ಹರಕೆ ಹೇಳ್ಕೊಳ್ತೇವೆ ಅಂದ್ರೆ ಅದೂ ಆಗ್ಲಿ, ಎರಡೂ ಒಂದೇ ವಾರದಲ್ಲಿ ಆಗ್ಲಿ. ಮಗು ನೆಲದಿಂದ ಏಳುದನ್ನು ಅಮ್ಮನೇ ತನ್ನ ಮೊಬೈಲಲ್ಲಿ ವಿಡಿಯೋ ಮಾಡ್ಲಿ, ಗಲ್ಫಲ್ಲಿರುವ ಅಪ್ಪನಿಗೂ ಕಣ್ಣಾರೆ ಕಾಣ್ತದೆ, ಡಾಕ್ಟ್ರಿಗೂ ಬೇಗ ಅರ್ಥ ಆಗ್ತದೆ. ಶಾಲೆಯವ್ರು ವಿಡಿಯೋ ತೆಗೆದು ಸ್ಟಾಫ್ ಗ್ರೂಪಿಗೆ ಹಾಕುದು ಖಂಡಿತ ಬೇಡ. ದುಡ್ಡಿನ ಚಿಂತೆ ಇದ್ರೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗ್ಲಿ. 2013ರಲ್ಲಿ ಸುರುವಾದ ಆರ್‌ಬಿಎಸ್‌ಕೆ ಅಂತ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯಲ್ಲಿ ಬೆಳವಣಿಗೆ ತಡ ಆಗುವ ಮಕ್ಕಳೂ ಸೇರ್ತಾರೆ, ಅಲ್ಲಿ ಅದನ್ನೇ ಕೇಳ್ಲಿ.

ಕ್ಲಾಸಲ್ಲಿ ಅವನಿಗೆ ಅಂತ ಮೆಟ್ಟಿಲು ಹತ್ತಿ ಇಳಿಸುವ ಪ್ರಾಕ್ಟೀಸ್ ಮಾಡಿಸ್ಬೇಡಿ, ಸ್ನಾಯುವಿನ ಕಾಯಿಲೆ ಇದ್ರೆ ಅದ್ರಿಂದ ಹಾನಿಯೇ. ನೆಲದ ಬದ್ಲು ಕುರ್ಚಿ ಕೊಡಿ, ಲೈನಲ್ಲಿ ಕಂಬಿ ಬದಿಗೆ ನಿಲ್ಲಿಸಿ. ಡ್ಯಾನ್ಸಿಂದ ತೆಗೀಬೇಡಿ, ನಿಂತು ಕೊಳಲು ಹಿಡಿಯುವ ಕೃಷ್ಣ ಅವನೇ ಆಗ್ಲಿ.

ಪ್ರಶ್ನೆ: ತಮ್ಮನ ಮಗಳಿಗೆ 14 ತಿಂಗಳು. ಹಿಡ್ಕೊಂಡು ನಿಲ್ತಾಳೆ, ನಡೀಲಿಕ್ಕೆ ಸುರು ಮಾಡಿಲ್ಲ, ಅದಕ್ಕೆ ವಾಕರ್ ತಂದಿದ್ದಾರೆ. ಎಂಟು ತಿಂಗಳಿಂದ ಎಲ್ಲ ಬಲಗೈಯಲ್ಲೇ ತಗೊಳ್ತಾಳೆ, ಎಡಚಿ ಅಲ್ಲ ಅಂತ ಮನೆಯವ್ರಿಗೆ ಖುಷಿ. ಎಡಗೈ ಯಾವಾಗಲೂ ಮುಷ್ಟಿ. ನಾನು ಹೇಳಿದ್ರೆ ನಾದಿನಿಗೆ ಬೇಜಾರಾಗ್ತದಾ?
ಮಗುವಿನ ಅತ್ತೆ, ಮಂಗಳೂರು

ಉತ್ತರ: ನಡಿಗೆಗೆ ಸದ್ಯ ಹೆದರ್ಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮಕ್ಕಳು ಒಬ್ರೇ ನಡೀಲಿಕ್ಕೆ ಸುರು ಮಾಡುದು ಸುಮಾರು 8ರಿಂದ 17 ತಿಂಗಳು ದಾಟುವವರೆಗೆ ಯಾವಾಗ ಬೇಕಾದ್ರೂ ಆಗ್ಬಹುದು, 18 ತಿಂಗಳಾದ್ರೂ ಇಲ್ಲ ಅಂದ್ರೆ ಡಾಕ್ಟ್ರು ನೋಡ್ಬೇಕು. ವಾಕರ್ ತೆಗೆದಿಡಿ, ಅದ್ರಿಂದ ನಡಿಗೆ ಬೇಗ ಬರುದಿಲ್ಲ, ಮಗು ಮೆಟ್ಟಿಲಿಂದ ಉರುಳುದು ಜಾಸ್ತಿ, ಕೆನಡಾದಲ್ಲಿ 2004ರಿಂದ ಅದ್ರ ಮಾರಾಟವೇ ನಿಷೇಧ.

ಆದ್ರೆ ಕೈ ವಿಷಯ ಬೇರೆ. ಒಂದು ವರ್ಷದ ಒಳಗೆ ಮಗುವಿಗೆ ಬಲಗೈ ಎಡಗೈ ಅಂತ ಇರುದಿಲ್ಲ, ಯಾವ ಕೈ ಹತ್ರವೋ ಅದ್ರಲ್ಲೇ ಹಿಡೀತದೆ. ಅಷ್ಟು ಬೇಗ ಒಂದೇ ಕೈ ಬಳಸಿದ್ರೆ ಇನ್ನೊಂದು ಕೈ ಯಾಕೆ ಬರ್ತಿಲ್ಲ ಅಂತ ನೋಡ್ಬೇಕು, ಮುಷ್ಟಿ ಬಿಡದಿದ್ರೆ ಇನ್ನೂ ಹೆಚ್ಚು. ಸೆರೆಬ್ರಲ್ ಪಾಲ್ಸಿ, ಅಂದ್ರೆ ಬೆಳೆಯುವ ಮೆದುಳಿಗೆ ಹಾನಿಯಾಗಿ ಕೈಕಾಲಿನ ಚಲನೆಗೆ ತೊಂದರೆ ಆಗುದು, ಅದ್ರ ಒಂದು ಬಗೆ ಎಷ್ಟೋ ಮಕ್ಕಳಲ್ಲಿ ಮೊದಲು ಕಾಣುದೇ ಹೀಗೆ, ಮೆದುಳು ಇನ್ನೂ ಬೆಳೀತಿರುವಾಗ ಥೆರಪಿ ಸುರು ಮಾಡಿದ್ರೆ ಕೈ ಉಪಯೋಗಕ್ಕೆ ಬರುದು ಜಾಸ್ತಿ.

ನಾದಿನಿಗೆ ಬೇಜಾರು ಆಗ್ಬಹುದು, ಆದ್ರೂ ಹೇಳಿ. ಮದುವೆ ಮನೆಯಲ್ಲೋ ದೈವದ ಕೋಲಕ್ಕೆ ಎಲ್ಲ ಸೇರಿದಾಗಲೋ ಬೇಡ, ತಮ್ಮ ನಾದಿನಿ ಇಬ್ರೇ ಇರುವಾಗ ಹೋಗಿ. ಬಾಯಲ್ಲಿ ಹೇಳುವ ಮೊದಲು ಮಗು ಜೊತೆ ಕೂತು ಬಲಗೈಗೆ ಒಂದು ಬಿಸ್ಕೆಟ್ ಕೊಡಿ, ಅದನ್ನು ಹಿಡ್ಕೊಂಡಿರುವಾಗಲೇ ಎಡಬದಿಯಿಂದ ಇನ್ನೊಂದು ತೋರಿಸಿ. ಕೈಯಲ್ಲಿರುದನ್ನು ಬಿಟ್ಟು ಬಲಗೈಯನ್ನೇ ಈಚೆ ತಂದ್ರೆ ಅವ್ರಿಗೇ ಕಾಣ್ತದೆ. ಆಗ "ಇದನ್ನು ಡಾಕ್ಟ್ರಿಗೆ ತೋರಿಸುವ, ನಾನೂ ಬರ್ತೇನೆ" ಅಂತ ಹೇಳಿ, ವೆನ್ಲಾಕ್ ಸರ್ಕಾರಿ ಆಸ್ಪತ್ರೆ ಆಗ್ಲಿ, ನಿಮ್ಮ ಮಾಮೂಲಿ ಮಕ್ಕಳ ಡಾಕ್ಟ್ರಾಗ್ಲಿ, ದಿನ ಅಲ್ಲೇ ಗೊತ್ತು ಮಾಡಿ. ಎಡಗೈ ಬರ್ಲಿ ಅಂತ ಬಲಗೈ ಕಟ್ಟಿ ಹಾಕುದೆಲ್ಲ ನೀವಾಗಿ ಮಾಡ್ಬೇಡಿ, ಅದನ್ನು ಥೆರಪಿಸ್ಟ್ ನೋಡಿ ಹೇಳ್ಲಿ.