ಹಳೆಯ ಬಹುಮಾನ ಮತ್ತೆ ಸಿಕ್ಕರೆ ಅನ್ಯಾಯವೇ?

ಪರೀಕ್ಷೆಯ ಗಡಿಬಿಡಿಯಲ್ಲಿ ವಿಡಿಯೊ ಗೇಮಿನ ಕಳೆದ ಸೀಸನ್ನಿನ ಸ್ಕಿನ್ (ಆಟದ ಪಾತ್ರಕ್ಕೆ ತೊಡಿಸುವ ವೇಷ) ತಪ್ಪಿತು, ಅದನ್ನು ಮತ್ತೆ ಕೊಟ್ಟರೆ ಆಗ ದುಡಿದು ಪಡೆದವರಿಗೆ ಅನ್ಯಾಯವಲ್ಲವೇ ಎಂದು ಕೇಳಿದ್ದೀರಿ. ಅಲ್ಲ ಎಂದೇ ನನ್ನ ಲೆಕ್ಕ. ನಾನು ಬದಿಯಡ್ಕದ ಕಡೆಯವನು. ಒಮ್ಮೆ ಆಟಿ ತಿಂಗಳ ಮಳೆಗೆ ಅಡಿಕೆ ಮರ ತಂತಿಯ ಮೇಲೆ ಬಿದ್ದು ಹೋದ ಕರೆಂಟು ಮೂರನೆಯ ದಿನ ಬಂತು. ಆಟದಲ್ಲಿ ಬಹುಮಾನಕ್ಕೆ ಬಾಕಿ ಇದ್ದದ್ದು ಎರಡೇ ಹಂತ. ಅಷ್ಟರಲ್ಲಿ ಸೀಸನ್ನೇ ಮುಗಿದಿತ್ತು. ನಾನು ಆಡುವ ರೀತಿಗೂ ಕರೆಂಟು ಹೋದದ್ದಕ್ಕೂ ಏನು ಸಂಬಂಧ, ಹೇಳಿ.

ಫೋರ್ಟ್‌ನೈಟ್ ಆಟವು 2024ರ ಆಗಸ್ಟಿನ ಸೀಸನ್ನಿನಿಂದ ನಿಯಮ ಬದಲಿಸಿದೆ: ಬ್ಯಾಟಲ್ ಪಾಸ್‌ನ (ಒಂದು ಸೀಸನ್ನಿನಲ್ಲಿ ಆಡುತ್ತಾ ಬಹುಮಾನ ಗಳಿಸಲು ಕೊಳ್ಳುವ ಪಾಸ್) ವಸ್ತುಗಳು ಆ ಪಾಸ್ ಮುಗಿದು 18 ತಿಂಗಳು ಕಳೆದ ಮೇಲೆ ಆಟದೊಳಗಿನ ಅಂಗಡಿಗೆ ಬರಬಹುದು. ಹಿಂದಿನ ಪಾಸ್‌ಗಳಿಗೆ ಇದು ಅನ್ವಯಿಸದು. 'ಮತ್ತೆ ಸಿಗದು' ಎಂದು ಮಾರಿದ ಮೇಲೆ ಮಾತು ತಪ್ಪಬಾರದಲ್ಲ. ಹ್ಯಾಲೊ ಇನ್ಫಿನಿಟ್‌ ಎಂಬ ಆಟದಲ್ಲಂತೂ ಕೊಂಡ ಪಾಸ್‌ಗೆ ಅವಧಿಯೇ ಇಲ್ಲ.

ಪಂದ್ಯ ಗೆದ್ದವರ ಪದಕ ಮಾತ್ರ ಮಾರಾಟಕ್ಕೆ ಬರಬಾರದು. ಉಳಿದದ್ದು ಬರಲಿ. ಮಧೂರು ಗಣಪತಿ ದೇವಸ್ಥಾನದಲ್ಲಿ ಅಪರೂಪಕ್ಕೆ ನಡೆಯುವ ಮೂಡಪ್ಪ ಸೇವೆ 1992ರ ನಂತರ 2025ರಲ್ಲಿ ನಡೆಯಿತಲ್ಲ, "ನಾನು ಆಗಲೇ ನೋಡಿದ್ದೇನೆ" ಎಂದು ಹೆಮ್ಮೆಪಡುತ್ತಲೇ ನಮ್ಮ ಅಜ್ಜಿ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ಜಗಲಿಯಲ್ಲಿ ಕುಳಿತಿದ್ದರು.